ಆಂಬ್ರೋಸನಿಗೆ ಹೇಳಿದ ಮಾತು

ಪ್ಯಾರಿಸ್,
ಆಗಸ್ಟ್ 2, 1930

ಪ್ರೀತಿಯ ಲುವೀನಿಯಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾಗದ ಸಿಗಲಿಲ್ಲ ಎನ್ನುವ ಹಾಗಿಲ್ಲ. ಹಡಗಿನಲ್ಲೂ ಇತ್ತು, ಈ ಹೋಟೆಲಿನಲ್ಲೂ ಇದೆ, ಅದೂ ಪುಕ್ಕಟೆ. ನನ್ನ ಜೊತೆ ಒಂದೇ ಕೋಣೆಯಲ್ಲಿರುವ ಅಲಬಾಮದ ಈಡಾ ಪ್ರೂಯಿಟ್‌ಗೆ ಓದು ಬರಹ ಬಾರದು, ಆದರೂ ಒಂದು ಕಟ್ಟು ಕಾಗದ ತೆಗೆದು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದಾಳೆ. ಕೇಳಿದರೆ, "ಸರ್ಕಾರ ನನ್ನ ಮಗನ್ನ ಇಟ್ಕೊಂಡಿದೆ, ನಾನು ಕಾಗದ ಇಟ್ಕೊಂಡ್ರೆ ಏನಾಯ್ತು" ಅನ್ನುತ್ತಾಳೆ. ಆದ್ದರಿಂದ ಕಾಗದದ ನೆಪ ಬೇಡ. ನಿನಗೆ ಬರೆಯುವುದಕ್ಕೆ ಮುಖವಿರಲಿಲ್ಲ, ಅಷ್ಟೇ. ಕ್ಷಮಿಸು ಎಂದು ಈ ಸಾಲಿನಲ್ಲೇ ಕೇಳುವುದಿಲ್ಲ. ಪೂರ್ತಿ ಓದಿದ ಮೇಲೆ ಕ್ಷಮಿಸುವ ಮನಸ್ಸಿದ್ದರೆ ಕ್ಷಮಿಸು.

ಇವತ್ತು ಉಳಿದ ತಾಯಂದಿರೆಲ್ಲ ಅಂಗಡಿ ಬೀದಿ ನೋಡಲು ಹೋಗಿದ್ದಾರೆ. ತಲೆನೋವು ಎಂದು ಹೇಳಿ ನಾನು ಉಳಿದುಕೊಂಡೆ. ಇದನ್ನು ಇಂದೇ ಅಂಚೆಗೆ ಹಾಕಿದರೆ ನನಗಿಂತ ಮೊದಲು ಪಿಟ್ಸ್‌ಬರ್ಗ್ ತಲುಪುತ್ತದಂತೆ. ಯಾಕೆ ಗೊತ್ತೇ? ಅಂಚೆ ಹೋಗುವುದು ದೊಡ್ಡ ಹಡಗಿನಲ್ಲಿ, ಬಿಳಿಯ ತಾಯಂದಿರು ಹೋಗುವ ಆ ವೇಗದ ಹಡಗಿನಲ್ಲಿ. ನನ್ನನ್ನು ಹತ್ತಿಸದ ಹಡಗು ನನ್ನ ಕಾಗದವನ್ನು ಹತ್ತಿಸಿಕೊಳ್ಳುತ್ತದೆ. ಲಕೋಟೆ ಬಿಳಿಯದು, ಅದಕ್ಕಿರಬಹುದು.

ನಗಬೇಡ. ನಗಿಸಿ ತಪ್ಪಿಸಿಕೊಳ್ಳುವುದು ನನ್ನ ಹಳೆಯ ಚಾಳಿ ಎಂದು ನಿನಗೆ ಗೊತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಆ ಸಂಜೆ ನೀನು ಎದ್ದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಯಲ್ಲಿ ಸರ್ಕಾರದ ಓಲೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಂದಿರನ್ನೆಲ್ಲ ಸರ್ಕಾರವೇ ಫ್ರಾನ್ಸಿಗೆ ಕರೆದುಕೊಂಡು ಹೋಗಿ ಗೋರಿ ತೋರಿಸಿ ಕರೆತರುತ್ತದೆ ಎಂದು ಮೊದಲು ಓದಿದಾಗ ಇಬ್ಬರೂ ಅತ್ತಿದ್ದೆವು. ಆಮೇಲೆ ಎರಡನೆಯ ಓಲೆ ಬಂತು: ಕರಿಯ ತಾಯಂದಿರಾದ ನಮಗೆ ಬೇರೆ ಹಡಗು, ಬೇರೆ ವಸತಿ, ಎಲ್ಲ ನಮ್ಮ ಅನುಕೂಲಕ್ಕಂತೆ. ನೀನು ಅದನ್ನು ಮಡಿಸಿ, "ನನ್ನ ಮಗ ಸತ್ತಾಗ ಆ ಗುಂಡು ಅವನ ಬಣ್ಣ ಕೇಳ್ಲಿಲ್ಲ. ಈಗ ಹಡಗು ಕೇಳುತ್ತೆ ಅಂದ್ರೆ ನಾನು ಹತ್ತೋದಿಲ್ಲ" ಎಂದೆ. ಪಾದ್ರಿ ಟಿಬ್ಸ್ ಕೂಡ ಬಾಯಿ ಮುಚ್ಚಿ ಕೂತರು, ಅವರಿಗದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಲ್ಲ. ಮರುದಿನದಿಂದಲೇ ನೀನು, ಬೇರೆ ಹಡಗಾದರೆ ನಾವು ಬರುವುದಿಲ್ಲ ಎಂಬ ಅರ್ಜಿ ಹಿಡಿದು ನಮ್ಮ ಗುಡ್ಡದ ಬೀದಿಬೀದಿ ಸುತ್ತಿದೆ. ಆ ಮರದ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು ಒಬ್ಬೊಬ್ಬ ತಾಯಿಯ ಬಾಗಿಲು ತಟ್ಟಿದೆ. ನನ್ನ ಲಾಂಡ್ರಿಗೂ ಬಂದೆ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಾನೂ ಸಹಿ ಹಾಕಿದೆ.

ಸಹಿ ಹಾಕಿದ ಕೈಯಿಂದಲೇ ಮುಂದಿನ ವಾರ ಸರ್ಕಾರಕ್ಕೆ "ಬರುತ್ತೇನೆ" ಎಂದು ಬರೆದೆ. ನಿನಗೆ ಆಮೇಲೆ ಹೇಳಿದೆ, ಅದೂ ನೀನು ಬಟ್ಟೆ ಮೂಟೆ ಹೊತ್ತಿದ್ದಾಗ, ಕೈ ಖಾಲಿ ಇರದ ಹೊತ್ತು ನೋಡಿ.

ನಾನು ಲೆಕ್ಕದವಳು. ಒಂದು ತೊಟ್ಟಿ, ಒಂದು ಹಗ್ಗದಿಂದ ಶುರು ಮಾಡಿ ಇವತ್ತು ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ ಹಾಕಿಕೊಂಡಿದ್ದೇನೆ ಎಂದರೆ, ಬಂದದ್ದನ್ನು ಬಿಡದೆ ಹಿಡಿದದ್ದರಿಂದ. ಮಗನ ಗೋರಿ ನೋಡಲು ಇನ್ನೊಂದು ಅವಕಾಶ ನನಗೆ ಯಾರೂ ಕೊಡುವುದಿಲ್ಲ, ಮಾನ ಉಳಿಸಿಕೊಂಡು ಮನೆಯಲ್ಲಿ ಕೂತರೆ ಮಗ ಸಿಗುತ್ತಾನೆಯೇ ಎಂದು ಲೆಕ್ಕ ಹಾಕಿದೆ. ಲೆಕ್ಕ ತಪ್ಪಿರಲಿಲ್ಲ. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ನಾಚಿಕೆ ಬಿಡುವುದಿಲ್ಲ ಎನ್ನುವುದನ್ನು ಈ ಪ್ರಯಾಣದಲ್ಲಿ ಕಲಿತೆ.

ಸ್ಟೇಷನ್ನಿಗೆ ನೀನು ಬರುತ್ತೀಯ ಎಂದುಕೊಂಡಿರಲಿಲ್ಲ. ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಸಾ ಟೋಪಿ ಬೇರೆ. ಮಗನ್ನ ನೋಡಕ್ಕೆ ಹೋಗ್ತಿದೀಯೋ, ಮದುವೆಗೋ?" ಎಂದೆ.

"ಹಳೇ ಟೋಪೀಲಿ ಹೋದ್ರೆ ಅವನು ಅಮ್ಮನ ವ್ಯಾಪಾರ ಬಿತ್ತು ಅಂದ್ಕೋತಾನೆ ಕಣೆ" ಎಂದೆ ನಾನು.

ನೀನು ನಗಲಿಲ್ಲ. ಶಾಲಿನೊಳಗಿಂದ ಆ ಗಾಜಿನ ಭರಣಿ ತೆಗೆದೆ. ಪ್ರತಿ ವರ್ಷ ಪೀಚ್ ಹಣ್ಣು ಹಾಕಿಡುತ್ತೀಯಲ್ಲ, ಅದೇ ಭರಣಿ. ಒಳಗೆ ನಿನ್ನ ಹಿತ್ತಲ ಮಣ್ಣು. "ಇದನ್ನ ನನ್ನ ಆಂಬ್ರೋಸನ ಮೇಲೆ ಹಾಕು. ಅವನ ಅಮ್ಮ ಯಾಕೆ ಬರ್ಲಿಲ್ಲ ಅಂತ ಅವನಿಗೆ ಹೇಳು. ಇದ್ದದ್ದು ಇದ್ದ ಹಾಗೇ ಹೇಳು, ಕ್ಲಿಯೋ. ನಾನು ನಿನ್ನತ್ರ ಬೇರೇನೂ ಕೇಳಲ್ಲ." ರೈಲು ಹೊರಟಿತು. ನೀನು ಕೈ ಬೀಸಲಿಲ್ಲ. ನಾನು ಬೀಸಿದೆ.

ನಮ್ಮ ಹಡಗಿನ ಬಗ್ಗೆ ಹೇಳಬೇಕು. ಸರಕು ಸಾಗಿಸುವ ಹಡಗು, ಮೇಲೆ ಕೆಲವು ಕೋಣೆ. ಚಾದರಗಳಿಗೆ ಅಂಚಿನಲ್ಲಿ ತೇಪೆ ಇತ್ತು, ನನ್ನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಗಂಜಿ ಹಾಕಿದವನಿಗೆ ಕೆಲಸ ಬರುತ್ತಿರಲಿಲ್ಲ. ಇಷ್ಟು ಬಿಟ್ಟರೆ ದೂರುವಂಥದ್ದೇನೂ ಇರಲಿಲ್ಲ, ಅದೇ ನನ್ನ ಸಂಕಟ. ಊಟ ಚೆನ್ನಾಗಿತ್ತು. ಬೆಳಿಗ್ಗೆ ಬಾಗಿಲು ತಟ್ಟಿ ಕಾಫಿ ಕೊಡುತ್ತಿದ್ದರು. ಈಡಾ ಮೊದಲ ದಿನ ಎದ್ದು ನಿಂತು, ಕಾಫಿ ತಂದ ಹುಡುಗನಿಗೇ ಕುರ್ಚಿ ಕೊಟ್ಟಳು. ಅವಳಿಗೆ ಕೂತು ಕಾಫಿ ಕುಡಿದು ಅಭ್ಯಾಸವೇ ಇಲ್ಲ.

ನಮ್ಮನ್ನು ನೋಡಿಕೊಳ್ಳಲು ಒಬ್ಬ ಕ್ಯಾಪ್ಟನ್. ರೆನ್ವಿಕ್ ಎಂದು ಹೆಸರು, ಬಿಳಿಯ, ವಯಸ್ಸು ನಮ್ಮ ಹುಡುಗರು ಬದುಕಿದ್ದಿದ್ದರೆ ಎಷ್ಟಿರುತ್ತಿದ್ದರೋ ಅಷ್ಟು. ಮೊದಲ ದಿನ ಟೋಪಿ ತೆಗೆದು, "ನಮಸ್ಕಾರ ಮಿಸೆಸ್ ಗ್ಯಾಂಟ್, ರಾತ್ರಿ ನಿದ್ದೆ ಬಂತಾ?" ಎಂದ. ಲುವೀನಿಯಾ, ನನಗೆ ಐವತ್ತೆಂಟು. ಜಾರ್ಜಿಯಾದಲ್ಲಿ ಹುಟ್ಟಿದೆ. ಬಿಳಿಯ ಗಂಡಸರು ನನ್ನನ್ನು ಕ್ಲಿಯೋರಾ ಎಂದಿದ್ದಾರೆ, ಏ ಮುದುಕಿ ಎಂದಿದ್ದಾರೆ, ಬಟ್ಟೆಯವಳೇ ಎಂದಿದ್ದಾರೆ. ಮಿಸೆಸ್ ಗ್ಯಾಂಟ್ ಎಂದು ಒಬ್ಬ ಬಿಳಿಯನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಮರುದಿನದಿಂದ ಅವನು ಬರುವ ಹೊತ್ತಿಗೆ ನಾನು ಮೊದಲೇ ಹೋಗಿ ಡೆಕ್ಕಿನ ಕಟಕಟೆಯ ಹತ್ತಿರ ನಿಲ್ಲುತ್ತಿದ್ದೆ. ಇನ್ನೊಮ್ಮೆ ಕೇಳಲಿ ಎಂದು. ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಫ್ರಾನ್ಸಿನಲ್ಲಿ ಇಳಿದ ಮೇಲೆ ಇನ್ನೂ ಹೆಚ್ಚು. ಎಲ್ಲಿ ಹೋದರೂ ಮದಾಮ್, ಮದಾಮ್. ರೈಲಿನಿಂದ ಇಳಿದಾಗ ಹೂವು. ಯಾವ ಬಾಗಿಲಿಗೆ ಹೋದರೂ ಮುಂಬಾಗಿಲು. ನಾನು ಸುಖಪಟ್ಟೆ. ಇದನ್ನು ಬೇರೆ ಯಾರಿಗೂ ಹೇಳುವುದಿಲ್ಲ. ಮಗನ ಗೋರಿಗೆ ಹೊರಟವಳು ದಾರಿಯುದ್ದಕ್ಕೂ ಸುಖಪಟ್ಟೆ, ಮತ್ತು ಪ್ರತಿಸಲವೂ ಪೆಟ್ಟಿಗೆ ತೆರೆದಾಗ ನಿನ್ನ ಭರಣಿ ನನ್ನನ್ನು ನೋಡುತ್ತಿತ್ತು.

ಮಣ್ಣು ತಂದವಳು ನಾನೊಬ್ಬಳೇ ಅಲ್ಲ. ಎಲ್ಲರ ಹತ್ತಿರವೂ ಇತ್ತು. ಈಡಾಳದು ನಶ್ಯದ ಡಬ್ಬಿಯಲ್ಲಿ, ಇನ್ನೊಬ್ಬಳದು ಕರವಸ್ತ್ರದ ಗಂಟಿನಲ್ಲಿ. ನಾನು ನನ್ನ ರಾಸ್ಕೋಗೆ ಮಣ್ಣು ತಂದಿರಲಿಲ್ಲ. ಲಾಂಡ್ರಿಯ ಹಿಂದೆ ಇರುವುದು ಸಿಮೆಂಟು. ಅವನಿಗೆ ಒಂದು ಕರವಸ್ತ್ರ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿ ತಂದಿದ್ದೆ, ನನಗೆ ಬರುವುದು ಅದೊಂದೇ.

ಈಗ ಗೋರಿಗಳ ಮಾತು.

ವರ್ಡನ್ ಪಟ್ಟಣದಲ್ಲಿ ಉಳಿದು ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ನೀನು ಎಷ್ಟು ಊಹಿಸಿದರೂ ಸಾಲದು. ಒಂದು ಇಡೀ ಇಳಿಜಾರು, ಬಿಳಿ ಶಿಲುಬೆ, ಬಿಳಿ ಶಿಲುಬೆ, ನೋಡುವಷ್ಟು ದೂರ. ಹುಲ್ಲು ಕತ್ತರಿಸಿದ್ದಾರೆ, ಸಾಲು ದಾರ ಹಿಡಿದ ಹಾಗಿದೆ. ಇದನ್ನೆಲ್ಲ ಅಗೆದವರು ನಮ್ಮ ಹುಡುಗರು. ಯುದ್ಧ ಮುಗಿದ ಮೇಲೆ ಬಿಳಿಯ ಪಡೆಗಳು ಊರಿಗೆ ಹೊರಟಾಗ ನಮ್ಮವರ ಕೈಗೆ ಗುದ್ದಲಿ ಕೊಟ್ಟು, ಹೊಲ ಬಯಲಿನಲ್ಲಿ ಸಿಕ್ಕಸಿಕ್ಕಲ್ಲಿ ಹೂತಿದ್ದ ಹೆಣಗಳನ್ನೆಲ್ಲ ಇಲ್ಲಿಗೆ ತರಿಸಿದರಲ್ಲ. ರಾಸ್ಕೋ ಆಗ ಬರೆದದ್ದನ್ನು ನಿನಗೆ ಓದಿ ಹೇಳಿದ್ದೆ: "ಅಮ್ಮಾ, ಲುವೀನಿಯಾ ಚಿಕ್ಕಮ್ಮನಿಗೆ ಹೇಳು, ಆಂಬ್ರೋಸನ ಗುಂಡಿ ನಾನೇ ತೋಡಿದೆ, ಬೇರೆಯವರಿಗೆ ಬಿಡ್ಲಿಲ್ಲ. ಇಲ್ಲಿ ಅವರ ಸಾಲು ನಮ್ಮ ಸಾಲು ಅಂತ ಇಲ್ಲ. ಬಂದ ಹಾಗೆ ಇಡ್ತೀವಿ." ಮುಂದಿನ ತಿಂಗಳು ಎದೆಗೆ ಶೀತ ಇಳಿದು ಅವನೂ ಅದೇ ಮಣ್ಣಿಗೆ ಹೋದ. ಅವನ ಗುಂಡಿ ಯಾರು ತೋಡಿದರೋ.

ಕ್ಯಾಪ್ಟನ್ ನಮಗೆ ಒಬ್ಬೊಬ್ಬರಿಗೂ ಒಂದು ಚೀಟಿ, ಒಂದು ಹೂವಿನ ಚಕ್ರ, ಒಂದು ಮಡಿಸುವ ಕುರ್ಚಿ ಕೊಡಿಸಿದ. ಚೀಟಿಯಲ್ಲಿ ಸಾಲು, ಸಂಖ್ಯೆ. ಆಮೇಲೆ ಕಚೇರಿಯವರ ಜೊತೆ ಏನೋ ಮಾತಾಡಲು ನಿಂತ. ನಾನು ಕಾಯಲಿಲ್ಲ. ಚೀಟಿ ನೋಡಲೂ ಇಲ್ಲ. ಕುರ್ಚಿ ಕಂಕುಳಿಗೆ ಹಾಕಿಕೊಂಡು ನಡೆದೆ. ನಾನು ನಡೆದದ್ದನ್ನು ನೋಡಿ ಈಡಾ ಬಂದಳು, ಅವಳ ಹಿಂದೆ ಉಳಿದವರು. ಆ ಎಲ್ಲ ಶಿಲುಬೆಗಳ ನಡುವಿನ ದಾರಿಯಲ್ಲಿ, ಯಾವ ಹೆಸರನ್ನೂ ಓದದೆ, ನೇರವಾಗಿ ಹಿಂದಿನ ಗೋಡೆಯ ಕಡೆಗೆ.

ಗೋಡೆ ಬಂತು. ಗೋಡೆಯ ಬುಡದಲ್ಲಿ ಪೊದೆ, ತೋಟದವನ ಕೈಗಾಡಿ. ಗೋರಿ ಇರಲಿಲ್ಲ.

ಕ್ಯಾಪ್ಟನ್ ಓಡುತ್ತ ಬಂದ. ಏದುಸಿರು. "ಮಿಸೆಸ್ ಗ್ಯಾಂಟ್, ಈ ಕಡೆ ಯಾಕೆ ಬಂದ್ರಿ? ನಿಮ್ಮ ಮಗ ಇರೋದು ನಡೂಮಧ್ಯ. ನೀವು ಅವರನ್ನ ದಾಟ್ಕೊಂಡೇ ಬಂದಿರಿ."

ನಮಗೆಲ್ಲ ಉತ್ತರ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ನಮ್ಮೂರುಗಳಲ್ಲಿ ನಮ್ಮವರನ್ನು ಇಡುವುದು ಬೇಲಿಯ ಹತ್ತಿರ, ಹಿಂದೆ. ಹುಟ್ಟಿದಾಗಿನಿಂದ ಹೆಣದ ಹಿಂದೆ ಅಲ್ಲಿಗೇ ನಡೆದ ಕಾಲು ಇವು. ರಾಸ್ಕೋ ಬರೆದು ತಿಳಿಸಿದ್ದ. ಆ ಸಾಲನ್ನು ಹನ್ನೊಂದು ವರ್ಷ ನಾನು ಎಲ್ಲರಿಗೂ ಓದಿ ಹೇಳಿದ್ದೇನೆ, ಲಾಂಡ್ರಿಗೆ ಬಂದ ಗಿರಾಕಿಗೂ ಬಿಟ್ಟಿಲ್ಲ. ಆದರೆ ಒಂದು ದಿನವೂ ನಂಬಿರಲಿಲ್ಲ, ಆ ಗೋಡೆಯ ಮುಂದೆ ಗೊತ್ತಾಯಿತಲ್ಲ. ಬೇರೆ ಹಡಗು ಕೊಟ್ಟದ್ದು ಸರ್ಕಾರ. ಹಿಂದಿನ ಗೋಡೆಗೆ ನನ್ನನ್ನು ಕಳಿಸಿದವರು ಯಾರೂ ಇಲ್ಲ.

ಈಡಾ ಮೆಲ್ಲಗೆ, "ಸಿಸ್ಟರ್ ಗ್ಯಾಂಟ್, ನಿಮ್ಮನ್ನ ನಂಬಿ ಬಂದೆನಲ್ಲ, ಓದಕ್ಕೆ ಬರೋರು ಅಂತ" ಎಂದಳು. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ, ಆಮೇಲೆ ಅವಳೇ ಅತ್ತಳು.

ಹಿಂದಕ್ಕೆ ಬಂದೆವು. ರಾಸ್ಕೋನ ಒಂದು ಬದಿಗೆ ಅಯೊವಾದ ಹುಡುಗ, ಇನ್ನೊಂದು ಬದಿಗೆ ಟೆಕ್ಸಸ್ಸಿನವನು, ಇಬ್ಬರೂ ಬಿಳಿಯರ ಪಡೆಯವರು. ನಡುವೆ ನನ್ನವನು, ಜಾಗ ಹಿಡಿದುಕೊಂಡು ಮಲಗಿದ ಹಾಗೆ. ಕರವಸ್ತ್ರದಿಂದ ಕಲ್ಲು ಒರೆಸಿದೆ. ಕೊಳೆ ಇರಲಿಲ್ಲ, ಆದರೂ ಒರೆಸಿದೆ. ಚಕ್ರ ಇಟ್ಟೆ. ಕೂತೆ. ಅವನಿಗೆ ಏನು ಹೇಳಿದೆನೋ ಅದು ನಮ್ಮಿಬ್ಬರದು. ಫೋಟೋ ತೆಗೆದರು. ತೋರಿಸುತ್ತೇನೆ, ಟೋಪಿ ಚೆನ್ನಾಗಿ ಬಂದಿದೆ.

ಆಮೇಲೆ ಕ್ಯಾಪ್ಟನ್ನನಿಗೆ ನಿನ್ನ ಆಂಬ್ರೋಸನ ಹೆಸರು ಹೇಳಿದೆ. ಪುಟ ತಿರುಗಿಸಿ ನೋಡಿ ಜಾಗ ಹೇಳಿದ. ಆದರೆ ಚಕ್ರ, ಕುರ್ಚಿ ಇಲ್ಲ, ಬಂದ ತಾಯಂದಿರಿಗೆ ಮಾತ್ರ ಎಂದ. ಅವನು ಬರೆದ ನಿಯಮವಲ್ಲ ಅದು, ಮುಖ ಸಣ್ಣದು ಮಾಡಿಕೊಂಡೇ ಹೇಳಿದ. ರಾಸ್ಕೋನ ಚಕ್ರದಿಂದ ಒಂದು ಹಿಡಿ ಹೂವು ಕಿತ್ತುಕೊಂಡೆ, ಅವನು ಬೇಡ ಅನ್ನುವವನಲ್ಲ. ಕುರ್ಚಿ ಎತ್ತಿದೆ. "ಕೊಡಿ ಮಿಸೆಸ್ ಗ್ಯಾಂಟ್, ನಾನು ತರ್ತೀನಿ" ಎಂದು ಕ್ಯಾಪ್ಟನ್ ಕಸಿದುಕೊಂಡ. ಜಾರ್ಜಿಯಾದಲ್ಲಿ ಯಾರಾದರೂ ನೋಡಿದ್ದರೆ ಇಬ್ಬರಿಗೂ ಹುಚ್ಚು ಎನ್ನುತ್ತಿದ್ದರು: ಮುಂದೆ ನಾನು, ಕೈಯಲ್ಲಿ ಭರಣಿ, ಹಿಂದೆ ಸರ್ಕಾರದ ಕ್ಯಾಪ್ಟನ್, ಹೆಗಲ ಮೇಲೆ ನನ್ನ ಕುರ್ಚಿ.

ಆಂಬ್ರೋಸ್ ಸಾಲಿನ ತುದಿಯಲ್ಲಿದ್ದಾನೆ, ದಾರಿಯ ಪಕ್ಕ. ನೋಡಿದ ತಕ್ಷಣ ನನಗೆ ಅವನು ಚಿಕ್ಕವನಿದ್ದಾಗ ಕಲ್ಲಿದ್ದಲ ಬಕೆಟ್ಟು ಹೊತ್ತು ನಿಮ್ಮ ಮೆಟ್ಟಿಲು ಹತ್ತುತ್ತಿದ್ದದ್ದು ನೆನಪಾಯಿತು. ಬಕೆಟ್ಟು ಅವನಿಗಿಂತ ಭಾರ. ನೀನು ಆಗ ಬ್ಯಾಂಕಿನ ನೆಲ ಒರೆಸುತ್ತಿದ್ದೆ, ಮಂಡಿ ಊದಿಕೊಂಡಿರುತ್ತಿತ್ತು. "ಬಿಡೋ, ನಿಮ್ಮಮ್ಮ ತರ್ತಾಳೆ" ಅಂದರೆ, "ಅಮ್ಮನ ಮಂಡಿ ನೋಯತ್ತೆ ಚಿಕ್ಕಮ್ಮ" ಎಂದು ನಿಲ್ಲದೆ ಹತ್ತಿ ಹೋಗುತ್ತಿದ್ದ. ಸೈನ್ಯಕ್ಕೆ ಹೊರಟ ಬೆಳಿಗ್ಗೆಯೂ ಬಕೆಟ್ಟು ತುಂಬಿಸಿಟ್ಟು ಹೋದವನು.

ನಿನ್ನ ಮಣ್ಣು ಹಾಕಿದೆ. ಹುಲ್ಲಿನ ಮೇಲೆ ಹಾಕಿದರೆ ಗಾಳಿಗೆ ಹೋದೀತು ಎಂದು ಬೆರಳಿನಿಂದ ಹುಲ್ಲು ಬಿಡಿಸಿ ಬುಡಕ್ಕೆ ಹಾಕಿದೆ. ನಮ್ಮ ಗುಡ್ಡದ ಮಣ್ಣು ಅಲ್ಲಿ ಇನ್ನೂ ಕಪ್ಪಾಗಿ ಕಾಣುತ್ತದೆ, ಮಸಿ ಬೆರೆತದ್ದಲ್ಲವೇ. ಹೂವು ಇಟ್ಟೆ. ಮಾತೂ ಆಡಿದೆ. ಖಾಲಿ ಭರಣಿಗೆ ಅಲ್ಲಿಯ ಒಂದು ಹಿಡಿ ಮಣ್ಣು ತುಂಬಿದ್ದೇನೆ, ನಿನಗೆ ತಲುಪಿಸುತ್ತೇನೆ.

ಲಾಂಡ್ರಿಯ ಹುಡುಗಿಯರು ಗಂಜಿ ತೆಳ್ಳಗೆ ಮಾಡುತ್ತಿದ್ದರೆ ಗದರಿಸು. ಪಾದ್ರಿಗಳಿಗೆ ನಮಸ್ಕಾರ ತಿಳಿಸು, ನಾನು ಬಂದ ಭಾನುವಾರವೇ ನನ್ನನ್ನು ವೇದಿಕೆ ಹತ್ತಿಸಿ ಪ್ರಯಾಣದ ವಿಷಯ ಮಾತಾಡಿಸುವ ಯೋಚನೆ ಇದ್ದರೆ ಬಿಡಲು ಹೇಳು. ನಿನ್ನ ಅಡುಗೆಮನೆಯ ದೀಪ ಆರದಿರಲಿ, ನಿನ್ನ ಬೆನ್ನು ಬಾಗದಿರಲಿ. ನಾವು ಇಬ್ಬರೂ ಪ್ರಾರ್ಥಿಸುವ ದೇವರು ಒಬ್ಬನೇ ಆಗಿದ್ದರೆ, ಅವನು ನಿನ್ನ ಕಡೆ ಮೊದಲು ನೋಡಲಿ, ಆಮೇಲೆ ಪುರುಸೊತ್ತಾದರೆ ನನ್ನ ಕಡೆ.

ನಿನ್ನ,
ಕ್ಲಿಯೋರಾ ಗ್ಯಾಂಟ್

ಮರೆತ ಮಾತು: ಮರೆತಿರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದು ಬರೆಯುತ್ತಿದ್ದೇನೆ.

ಆಂಬ್ರೋಸನ ಹತ್ತಿರ ಕುರ್ಚಿ ಬಿಡಿಸಿಟ್ಟು ಕ್ಯಾಪ್ಟನ್ ತಕ್ಷಣ ಹೋಗಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಹೆಸರು ಓದಿದ. ಆಮೇಲೆ ಮೆಲ್ಲಗೆ, "ಇವನ ತಾಯಿ ಯಾಕೆ ಬರ್ಲಿಲ್ಲ, ಮಿಸೆಸ್ ಗ್ಯಾಂಟ್?" ಎಂದು ಕೇಳಿದ. ಒಳ್ಳೆಯ ಮನಸ್ಸಿನಿಂದ ಕೇಳಿದ್ದು. ನೀನು ಕಳಿಸಿದ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು, ಹಡಗಿನಲ್ಲಿ ದಿನಾ ಹೇಳಿಕೊಂಡು ಅಭ್ಯಾಸ ಮಾಡಿದ್ದೆ. ಅದನ್ನು ಹೇಳಿದರೆ ಅವನು ನಾಳೆಯೂ ಮಿಸೆಸ್ ಗ್ಯಾಂಟ್ ಅನ್ನುತ್ತಾನೋ ಇಲ್ಲವೋ ಎಂದು ಯೋಚನೆ ಬಂತು. ಅಷ್ಟೇ ಬಂದದ್ದು, ಬೇರೆ ಯಾವ ಹೆದರಿಕೆಯೂ ಇರಲಿಲ್ಲ.

"ಪಾಪ, ಅವಳಿಗೆ ಮಂಡಿ ನೋವು. ಏಳಕ್ಕೇ ಆಗಲ್ಲ" ಎಂದೆ.

ಆಂಬ್ರೋಸ್ ಕೇಳುವ ಹಾಗೆ ಅವನ ಎದೆಯ ಮೇಲೆ ನಿಂತುಕೊಂಡು ಹೇಳಿದೆ. ಗುಡ್ಡದ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು ಬಾಗಿಲು ತಟ್ಟಿದ ನಿನ್ನ ಮಂಡಿಯ ಬಗ್ಗೆ.

ಮರುದಿನ ನಮ್ಮನ್ನು ಮತ್ತೆ ಕರೆದುಕೊಂಡು ಹೋದರು. ಕ್ಯಾಪ್ಟನ್ ಬೇರೆ ಕಡೆ ಇದ್ದ. ಇವತ್ತು ಸರಿಪಡಿಸುತ್ತೇನೆ ಎಂದುಕೊಂಡು ನಾನೊಬ್ಬಳೇ ಆಂಬ್ರೋಸನ ಹತ್ತಿರ ಹೋಗಿ ಕೂತೆ. ನೀನು ಅಂದದ್ದನ್ನು ನೀನು ಅಂದ ಹಾಗೇ ಹೇಳಲು ಬಾಯಿ ತೆರೆದೆ. ತೆರೆದಾಗ, ಕೇಳಿ ಮುಗಿಸಿದ ಮೇಲೆ ಆ ಹುಡುಗ ನನ್ನನ್ನು ಏನು ಕೇಳುತ್ತಾನೆ ಎಂದು ಗೊತ್ತಾಯಿತು. "ಹಂಗಾದ್ರೆ ನೀನ್ಯಾಕೆ ಬಂದೆ, ಕ್ಲಿಯೋ ಚಿಕ್ಕಮ್ಮ?"

ಕುರ್ಚಿ ಮಡಿಸಿಕೊಂಡು ಎದ್ದು ಬಂದೆ.

ಅವನು ಅಲ್ಲಿ ಮಲಗಿ ನಿನ್ನ ಮಂಡಿಯ ಚಿಂತೆ ಮಾಡುತ್ತಿದ್ದಾನೆ, ಲುವೀನಿಯಾ.